ತಾಯಮ್ಮ ದ್ವೀಪದ ನೀರೆಲ್ಲ ತುಂಬಿಟ್ಟದ್ದು

ನಾಲೆಯ ಏರಿಯ ಪಕ್ಕದಲ್ಲೇ ಹುಟ್ಟಿ ಬೆಳೆದವಳಾದರೂ ತಾಯಮ್ಮನಿಗೆ ಈಜು ಬರುತ್ತಿರಲಿಲ್ಲ. ಪಾಂಡವಪುರದ ಹತ್ತಿರದ ಹಳ್ಳಿ ಅವಳದು. ಬೇಸಿಗೆ ಬಂತೆಂದರೆ ಅಣ್ಣಂದಿರು ಮೂವರೂ ಸೇತುವೆಯ ಮೇಲಿಂದ ದುಡುಂ ಎಂದು ನೀರಿಗೆ ಬೀಳುವರು, ಇವಳು ದಡದಲ್ಲಿ ಕೂತು ಅವರ ಬಟ್ಟೆ ಕಾಯುವಳು. "ನಾನೂ ಬರ್ಲಾ ಅಣ್ಣ?" ಎಂದರೆ, "ನೀನ್ ಬಂದ್ರೆ ಚಡ್ಡಿ ಯಾರ್ ಕಾಯ್ತಾರೆ?" ಎನ್ನುವರು. ಅಲ್ಲಿಗೆ ಮಾತು ಮುಗಿಯಿತು.

ಆಮೇಲೆ ಮದುವೆಯಾಯಿತು, ಮಂಡ್ಯದಲ್ಲಿ ಸಂಸಾರವಾಯಿತು, ಮಗಳು ಚಿತ್ರಾ ಹುಟ್ಟಿ ದೊಡ್ಡವಳಾಗಿ ಮದುವೆಯಾಗಿ ಅಮೆರಿಕಕ್ಕೆ ಹೋದಳು. ಅವಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಬಂದ ತಾಯಮ್ಮ ಹೋಗುತ್ತ ಬರುತ್ತ, ಗಂಡ ತೀರಿಕೊಂಡ ಮೇಲೆ ಪ್ಲೇನ್ಸ್‌ಬರೋದಲ್ಲೇ ಉಳಿದುಬಿಟ್ಟಳು. ಅಲ್ಲಿಯೂ ಅವಳಿಗೆ ಸಿಕ್ಕಿದ್ದು ಅದೇ ಕೆಲಸ. ಅಪಾರ್ಟ್‌ಮೆಂಟಿನ ಪೂಲಿನಲ್ಲಿ ಮೊಮ್ಮಗಳು ಜಾನ್ವಿ ಮೀನಿನ ಹಾಗೆ ಓಡಾಡುವಳು, ಅಜ್ಜಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟವೆಲ್ಲು ಕಾಯುವಳು. ಈಗ ಜಾನ್ವಿಗೆ ಇಪ್ಪತ್ತನಾಲ್ಕು, ನ್ಯೂಯಾರ್ಕಿಗೆ ದಿನಾ ರೈಲಿನಲ್ಲಿ ಹೋಗಿ ಬರುವ ಕೆಲಸ. ಟವೆಲ್ಲು ಕಾಯುವ ಕೆಲಸವೂ ತಪ್ಪಿತು.

ಅರವತ್ತೇಳನೆಯ ವರ್ಷಕ್ಕೆ ತಾಯಮ್ಮ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದಳು. ಮನೆಯಲ್ಲಿ ಮಂಡಿನೋವಿಗೆ ಫಿಸಿಯೋಥೆರಪಿ ಎಂದು ಹೇಳಿ, ಎಡಿಸನ್ನಿನ ಒಳಾಂಗಣದ ಪೂಲೊಂದರಲ್ಲಿ ಹೆಂಗಸರ ಈಜಿನ ತರಗತಿಗೆ ಸೇರಿದಳು. ಈ ಗುಟ್ಟು ಗೊತ್ತಿದ್ದದ್ದು ಕಾರಿನಲ್ಲಿ ಬಿಟ್ಟು ಬರುತ್ತಿದ್ದ ಜಾನ್ವಿಗೆ ಮಾತ್ರ. ಕಲಿಸುವವಳು ಕಿಯಾರಾ ಎಂಬ ಹತ್ತೊಂಬತ್ತರ ಹುಡುಗಿ. "ಆಂಟಿ, ಗೋಡೆ ಬಿಡಿ! ಬಿಡಿ ಆಂಟಿ!" ಎಂದು ಅವಳು ಎರಡು ಚಳಿಗಾಲ ಕೂಗಿದಳು. ತಾಯಮ್ಮ ಕಾಲು ಬಡಿಯುವುದು ಕಲಿತಳು, ಉಸಿರು ಕಟ್ಟುವುದು ಕಲಿತಳು, ಅಂಗಾತ ಮಲಗುವುದನ್ನೂ ಕಲಿತಳು. ಆದರೆ ಕೈ ಗೋಡೆ ಬಿಡಲಿಲ್ಲ. ಕೊನೆಕೊನೆಗೆ ಒಂದು ಬೆರಳಿನಷ್ಟು ಗೋಡೆ ಮುಟ್ಟಿಕೊಂಡಿದ್ದರೆ ಸಾಕು ಎನ್ನುವವರೆಗೆ ಬಂದಳು, ಆ ಒಂದು ಬೆರಳು ಮಾತ್ರ ಗೋಡೆ ಬಿಡಲೊಲ್ಲದು. ಜೂನ್ ತಿಂಗಳಲ್ಲಿ ಕಿಯಾರಾ ಓದಲು ಬೇರೆ ರಾಜ್ಯಕ್ಕೆ ಹೋದಳು, ತರಗತಿ ನಿಂತುಹೋಯಿತು.

"ನಂಗೆ ಮೆಡಲ್ಲು ಬ್ಯಾಡ, ಏನೂ ಬ್ಯಾಡ ಕಣೆ," ಎಂದು ತಾಯಮ್ಮ ಜಾನ್ವಿಯ ಹತ್ತಿರ ಹೇಳಿಕೊಂಡಿದ್ದಳು. "ಒಂದೇ ಒಂದ್ಸಲ ಕಾಲು ನೆಲ ಬಿಟ್ಟು, ಕೈ ಏನೂ ಹಿಡೀದೆ, ನೀರಿನ್ ಮೇಲೆ ಇರ್ಬೇಕು. ಗ್ವಾಡೆ ಇರೋ ಕಡೆ ಅದು ನನ್ನಿಂದ ಆಗಲ್ಲ. ಕೈ ತಾನಾಗೇ ಹೋಗಿ ಹಿಡ್ಕೊಂಬುಡ್ತದೆ. ಗ್ವಾಡೇನೇ ಇಲ್ದಿರೋ ಕಡೆ ಹೋಗ್ಬೇಕು."

ಜಾನ್ವಿ ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಅಕ್ಟೋಬರಿನಲ್ಲಿ ಅವಳು ಗೆಳತಿಯರಿಬ್ಬರ ಜೊತೆ ಗ್ರೀಸಿನ ಒಂದು ಪುಟ್ಟ ದ್ವೀಪಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಸೀಸನ್ ಮುಗಿಯುವ ಹೊತ್ತು, ಜನ ಇರುವುದಿಲ್ಲ, ಸಮುದ್ರದ ದಡದಲ್ಲೇ ರೂಮು. ಹೊರಡಲು ಹತ್ತು ದಿನ ಇರುವಾಗ ಗೆಳತಿಯರಿಬ್ಬರೂ ಕೈಕೊಟ್ಟರು. ಜಾನ್ವಿ ಅಡುಗೆಮನೆಗೆ ಬಂದು, "ಅಜ್ಜಿ, ಪ್ಯಾಕ್ ಮಾಡು," ಎಂದಳು.

ಈಗ ಲಕ್ಷ್ಮಮ್ಮನ ವಿಷಯ ಹೇಳಬೇಕು. ಲಕ್ಷ್ಮಮ್ಮ ಅಳಿಯ ಶಿವಪ್ರಕಾಶನ ತಾಯಿ, ಅಂದರೆ ತಾಯಮ್ಮನಿಗೆ ಬೀಗಿತ್ತಿ. ಮೈಸೂರಿನ ಸರಸ್ವತಿಪುರಂನವಳು, ಎಪ್ಪತ್ತನಾಲ್ಕು ವರ್ಷ. ಅವಳಿರುವುದೂ ಅದೇ ಮನೆಯಲ್ಲೇ. ಗಂಡಿನ ತಾಯಿ, ಹೆಣ್ಣಿನ ತಾಯಿ ಒಂದೇ ಸೂರಿನಡಿ ಇರುವುದೆಂದರೆ ಸುಮ್ಮನೆಯೇ? ಜಗಳ ಎಂಬುದು ಒಂದು ದಿನವೂ ಆಗಿಲ್ಲ. ಆದರೆ ಮೊದಲ ಕಾಫಿ ಲಕ್ಷ್ಮಮ್ಮನದು, ಮೊದಲ ಸ್ನಾನ ಲಕ್ಷ್ಮಮ್ಮನದು, ಕಾರಿನ ಮುಂದಿನ ಸೀಟು ಲಕ್ಷ್ಮಮ್ಮನದು. ಮದುವೆಯ ದಿನ ಬಡಿಸಿದ ಪಾಯಸ ತಳ ಹಿಡಿದಿತ್ತು ಎಂಬುದನ್ನು ಅವಳು ಇಪ್ಪತ್ತೇಳು ವರ್ಷದಿಂದ ವರ್ಷಕ್ಕೆರಡು ಸಲವಾದರೂ ನೆನೆಸುತ್ತಾಳೆ. ತಾಯಮ್ಮ ನಗುತ್ತಾಳೆ, ಇನ್ನೊಂದು ಚಮಚ ತುಪ್ಪ ಹಾಕುತ್ತಾಳೆ.

ಮೂರನೆಯ ಮಂಚ ಖಾಲಿ ಇದೆ ಎಂದು ತಿಳಿದ ಲಕ್ಷ್ಮಮ್ಮ, "ಹೆಣ್ಣಿನ ಕಡೆಯೋರು ಮಾತ್ರ ಫಾರಿನ್ನಿಗೆ ಹೋಗೋದೋ, ಗಂಡಿನ ಕಡೆಯೋರಿಗೂ ಅವಕಾಶ ಇದೆಯೋ?" ಎಂದಳು. ಇನ್ನೇನು ಮಾತು? ಅವಳದೂ ಟಿಕೆಟ್ಟಾಯಿತು.

ಹಬ್ಬದ ಹೊತ್ತಿಗೆ ಮನೆ ಬಿಟ್ಟು ಹೋಗುತ್ತೀರಲ್ಲ ಎಂದು ಚಿತ್ರಾ ಗೊಣಗಿದಳು. ಆದರೆ ನ್ಯೂಜೆರ್ಸಿಯಲ್ಲಿ ದೀಪಾವಳಿ ಪಂಚಾಂಗ ನೋಡಿಕೊಂಡು ಬರುವುದಿಲ್ಲ, ಶಾಲೆಯ ಆಡಿಟೋರಿಯಂ ಯಾವ ಶನಿವಾರ ಸಿಗುತ್ತದೋ ಅದನ್ನು ನೋಡಿಕೊಂಡು ಬರುತ್ತದೆ. ಈ ಸಲ ಅದು ಸಿಕ್ಕಿದ್ದು ನವೆಂಬರ್ ಕೊನೆಗೆ. "ಅಷ್ಟರಲ್ಲಿ ಬಂದಿರ್ತೀವಿ ಬಿಡಮ್ಮ," ಎಂದಳು ಲಕ್ಷ್ಮಮ್ಮ. "ಶಾಸ್ತ್ರ ಏನಿದ್ರೂ ಅಲ್ಲೇ ಮಾಡ್ಕೋತೀವಿ. ದೇವ್ರಿಗೆ ಗ್ರೀಸೇನು, ಪ್ಲೇನ್ಸ್‌ಬರೋ ಏನು."

ನೆವಾರ್ಕಿನಿಂದ ವಿಮಾನ, ಅಥೆನ್ಸಿನಿಂದ ದೊಡ್ಡ ದೋಣಿ. ಆ ದ್ವೀಪದ ಹೆಸರು ತಾಯಮ್ಮನ ಬಾಯಿಗೆ ಹತ್ತಲೇ ಇಲ್ಲ, ಅವಳು ಸುಮ್ಮನೆ ದ್ವೀಪ ಎಂದಳು. ರಿಸಾರ್ಟು ಎಂದರೆ ಬೆಳ್ಳಗೆ ಸುಣ್ಣ ಬಳಿದ ಹನ್ನೆರಡು ರೂಮು, ಮುಂದೆ ಪುಟ್ಟ ಮರಳ ದಂಡೆ, ಆಮೇಲೆ ಕಣ್ಣು ಹಾಯುವವರೆಗೂ ನೀಲಿ. ಕೊಡೆಗಳನ್ನೆಲ್ಲ ಮಡಿಸಿ ಕಟ್ಟಿದ್ದರು. ಮಲಗುವ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಯಜಮಾನಿ ದೆಸ್ಪಿನಾ ಅರವತ್ತರ ಗಟ್ಟಿ ಹೆಂಗಸು, ಮೇಲೊಂದು ಫುಟ್‌ಬಾಲಿನ ಟೀಷರ್ಟು ತೊಟ್ಟು, ಅಡುಗೆ, ಕಸ, ಲೆಕ್ಕ ಎಲ್ಲವನ್ನೂ ಒಬ್ಬಳೇ ಮಾಡುತ್ತಿದ್ದಳು. ಮಂಗಳವಾರ ಬೀಗ ಹಾಕಿ ಊರಿಗೆ ಹೋಗುವವಳು. ಇವರು ಮೂವರನ್ನು ಬಿಟ್ಟರೆ ಅಲ್ಲಿದ್ದದ್ದು ಹಾಲೆಂಡಿನ ಒಬ್ಬ ಅಜ್ಜ, ಅವನ ಹೆಂಡತಿ. ಬೋಳುತಲೆಯ ಸುತ್ತ ಕಿವಿಯಿಂದ ಕಿವಿಗೆ ಒಂದು ಬಿಳಿ ಕೂದಲ ಪಟ್ಟಿ ಅಜ್ಜನಿಗೆ.

ಗುರುವಾರ ಬಂದವರು. ಗುರುವಾರ ಗಾಳಿ. ಶುಕ್ರವಾರ ಗಾಳಿ. ಶನಿವಾರ ಎಂಥ ಗಾಳಿ ಎಂದರೆ ಲಕ್ಷ್ಮಮ್ಮ ಒಣಗಲು ಹಾಕಿದ ಒಳಲಂಗ ಹಾರಿ ಚರ್ಚಿನ ಗಂಟೆಯ ಕಂಬಕ್ಕೆ ಸಿಕ್ಕಿಕೊಂಡಿತು. ಅಲೆಗಳು ಎದ್ದೆದ್ದು ಬಂದು ಬಂಡೆಗೆ ಬಡಿದವು. ನೀರಿಗೆ ಇಳಿಯಕೂಡದು ಎಂದು ದೆಸ್ಪಿನಾ ಕೈ ಅಡ್ಡಡ್ಡ ಆಡಿಸಿ ಹೇಳಿದಳು. ತಾಯಮ್ಮ ದಿನಾ ಬೆಳಿಗ್ಗೆ ಮೈ ತುಂಬ ಮುಚ್ಚುವ ಆ ನೀಲಿ ಈಜುಡುಪನ್ನು ಪೆಟ್ಟಿಗೆಯಿಂದ ತೆಗೆದು ನೋಡುವಳು, ಮತ್ತೆ ಮಡಿಸಿಡುವಳು. ಲಕ್ಷ್ಮಮ್ಮನ ಕಣ್ಣಿಗೆ ಅದು ಬಿದ್ದೇಬಿಟ್ಟಿತು.

"ಏನ್ರೀ ಇದು ತಾಯಮ್ನೋರೆ, ಸ್ಕೂಲಿನ ಪಿ.ಟಿ. ಮೇಷ್ಟ್ರು ಹಾಕ್ಕೊಳ್ಳೋ ಹಾಗಿದೆ?"

"ಚಳಿಗೆ ಅಂತ ಅಕ್ಕಾರೆ. ಒಳಗಡೆ ಹಾಕ್ಕೊಳ್ಳೋದು."

"ಈ ಬಿಸಿಲಿಗೆ ಚಳಿಯಾ? ಮೈಯಲ್ಲಿ ಹುಷಾರಿಲ್ವಾ ಏನು ಕಥೆ?"

ಜಾನ್ವಿ ದಿಂಬಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆಮೇಲೆ ಫೋನು ನೋಡಿ ತಾಯಮ್ಮನ ಕಿವಿಯಲ್ಲಿ, "ಅಜ್ಜಿ, ಮಂಡೇ ಗಾಳಿ ಇಲ್ಲ. ಝೀರೋ. ಫ್ಲ್ಯಾಟ್. ಮಂಡೇ ಈಸ್ ಯುವರ್ ಡೇ," ಎಂದಳು.

ಸೋಮವಾರ. ಮಂಗಳವಾರ ಹೊರಡುವುದು. ಇರುವುದು ಆ ಒಂದೇ ದಿನ. ತಾಯಮ್ಮ ಒಂದು ದಿನ ಸಾಕು ಎಂದುಕೊಂಡಳು.

ಭಾನುವಾರ ನೀರು ತುಂಬುವ ಹಬ್ಬ. ಮಾರನೆಯ ದಿನ ನರಕ ಚತುರ್ದಶಿ, ಎಣ್ಣೆ ಸ್ನಾನ. ಅದಕ್ಕೆ ಹಿಂದಿನ ಸಂಜೆಯೇ ಬಚ್ಚಲು ತೊಳೆದು, ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಹೊಸ ನೀರು ತುಂಬಿಡಬೇಕು. ಪ್ಲೇನ್ಸ್‌ಬರೋದಲ್ಲೂ ತಾಯಮ್ಮ ಒಂದು ವರ್ಷವೂ ಬಿಟ್ಟವಳಲ್ಲ, ಟಬ್ಬಿಗೇ ಹೂ ಏರಿಸಿ ನೀರು ತುಂಬುವಳು. ಹಾಗಾಗಿ ಸಂಜೆ ಐದಕ್ಕೆ, ಜಾನ್ವಿ ಹಳ್ಳಿಯ ಅಂಗಡಿಗೆ ಹೋದ ಹೊತ್ತಿನಲ್ಲಿ, ಬೀಗಿತ್ತಿಯರಿಬ್ಬರೂ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

ಟಬ್ಬು ತಿಕ್ಕಿ ತೊಳೆದರು. ಕೆಮ್ಮಣ್ಣು ಇಲ್ಲವಲ್ಲ? ಲಕ್ಷ್ಮಮ್ಮ ಜಾನ್ವಿಯ ಚೀಲದಿಂದ ಲಿಪ್‌ಸ್ಟಿಕ್ ತೆಗೆದಳು. ಟಬ್ಬಿನ ಸುತ್ತ ಮೂರು ಕೆಂಪು ಪಟ್ಟೆ ಎಳೆದಾಗ ಅದು ಹಂಡೆಯೇ ಆಗಿಹೋಯಿತು. ಹಾಗಲಬಳ್ಳಿಯ ಬದಲು ಗೋಡೆಯ ಮೇಲಿನ ಬೋಗನ್‌ವಿಲ್ಲಾ. ನೀರು ಬಿಟ್ಟರು. ಟಬ್ಬು ತುಂಬಿತು.

"ಒಂದರಲ್ಲಿ ಏನಾಗತ್ತೆ?" ಎಂದಳು ಲಕ್ಷ್ಮಮ್ಮ. "ಮೂರು ಜನ, ಎಣ್ಣೆ ತಲೆ. ನಮ್ಮನೇಲಿ ಎರಡು ಹಂಡೆ, ಒಂದು ಕೊಪ್ಪರಿಗೆ ತುಂಬಿಸ್ತಿದ್ರು ನಮ್ಮತ್ತೆ."

"ಪಕ್ಕದ ರೂಮ್ ಬಾಗಿಲು ತೆಗ್ದದೆ ಅಕ್ಕಾರೆ."

"ಖಾಲಿನಾ?"

"ಗಾಳಿಗೆ ಅಂತ ಬಿಟ್ಟವ್ರೆ. ಆಚೆ ಕಡೇದೂ ತೆಗ್ದದೆ."

ಮೂರು ರೂಮಿನ ಮೂರು ಟಬ್ಬೂ ತುಂಬಿದವು. ಕೆಟಲ್ಲು ತುಂಬಿತು, ಐಸಿನ ಬಕೆಟ್ಟು ತುಂಬಿತು, ಹೂದಾನಿ ತುಂಬಿತು, ತೊಳೆದ ಕಸದ ಬುಟ್ಟಿಗಳು ತುಂಬಿದವು, ಮಕ್ಕಳು ಮರಳಿನಲ್ಲಿ ಆಡುವ ಪುಟ್ಟ ಬಕೆಟ್ಟುಗಳು ಹನ್ನೊಂದೂ ತುಂಬಿದವು. ತುಂಬಿದಂತೆಲ್ಲ ಇಬ್ಬರಿಗೂ ಏನೋ ಹುರುಪು. ಲಕ್ಷ್ಮಮ್ಮ ಕಾರಿಡಾರಿನಲ್ಲಿ ಬಕೆಟ್ಟು ಹಿಡಿದು ಬಹುತೇಕ ಓಡಿದಳು. ಮಂಡಿ ಹಿಡಿದುಕೊಂಡು ನಡೆಯುತ್ತಿದ್ದ ಹೆಂಗಸು! ಎಲ್ಲಕ್ಕೂ ಕುಂಕುಮ ಇಟ್ಟು, ಗಂಗೆಗೆ ಕೈ ಮುಗಿದು, ದೊಡ್ಡ ಟಬ್ಬಿನ ಮುಂದೆ ದೀಪ ಹಚ್ಚಿ ಇಬ್ಬರೂ ಹಿಂದೆ ಸರಿದು ನೋಡಿದರು. ಇಪ್ಪತ್ತೇಳು ವರ್ಷದಲ್ಲಿ ಇಬ್ಬರೂ ಕೂಡಿ ಮಾಡಿದ ಕೆಲಸಗಳಲ್ಲೆಲ್ಲ ಇದೇ ಚೆಂದ ಎಂದು ತಾಯಮ್ಮನಿಗೆ ಅನ್ನಿಸಿತು.

ಕೊನೆಗೆ ಕೈ ತೊಳೆಯಲೆಂದು ತಿರುಗಿಸಿದರೆ ನಲ್ಲಿ ಸೊರ್ರ್ ಎಂದಿತು. ಆಮೇಲೆ ಗೊರ್ರ್ ಎಂದಿತು. ಆಮೇಲೆ ಏನೂ ಇಲ್ಲ.

ಆ ಹೊತ್ತಿಗೆ ಸರಿಯಾಗಿ ಅಂಗಳದಲ್ಲಿ ಗದ್ದಲ. ಹಾಲೆಂಡಿನ ಅಜ್ಜ ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡು, ಆ ಬಿಳಿ ಪಟ್ಟಿಯ ತುಂಬ ಶಾಂಪೂ ನೊರೆ, ಎರಡು ಕಣ್ಣೂ ಮುಚ್ಚಿಕೊಂಡು ಗೋಡೆ ತಡವುತ್ತ ನಿಂತಿದ್ದ. ದೆಸ್ಪಿನಾ ಕೈಯಲ್ಲಿ ಸೋಪು ಹತ್ತಿದ ಬಾಣಲೆ ಹಿಡಿದು ಟ್ಯಾಂಕಿನ ಕಡೆ ಓಡಿದಳು, ಹತ್ತಿದಳು, ಬಗ್ಗಿ ನೋಡಿದಳು, ಗ್ರೀಕಿನಲ್ಲಿ ಒಂದು ಉದ್ದನೆಯ ಮಾತು ಹೇಳಿದಳು. ಅಂಗಡಿಯಿಂದ ಆಗಷ್ಟೇ ಬಂದ ಜಾನ್ವಿ ವಿಷಯ ಕೇಳಿ ತಿಳಿದುಕೊಂಡು ಅಜ್ಜಿಯರ ಹತ್ತಿರ ಬಂದಳು.

"ಅಜ್ಜಿ, ಇಲ್ಲಿ ಬೋರ್‌ವೆಲ್ ಇಲ್ಲ. ಟ್ಯಾಂಕರಲ್ಲಿ ನೀರು ಬರತ್ತೆ. ಮಂಗಳವಾರ ಕ್ಲೋಸ್ ಮಾಡ್ಬೇಕು ಅಂತ ಅವ್ರು ಟ್ಯಾಂಕ್ ಆಲ್ಮೋಸ್ಟ್ ಎಂಪ್ಟಿ ಆಗೋಕೆ ಬಿಟ್ಟಿದ್ರು. ಕ್ಲೀನ್ ಮಾಡೋಕೆ. ಎರಡು ದಿನಕ್ಕೆ ಕರೆಕ್ಟಾಗಿ ಸಾಕಾಗ್ತಿತ್ತಂತೆ. ಟ್ಯಾಂಕರ್ ಅಂಕಲ್ ಮಗಳ ಮನೇಗೆ ಹೋಗಿದಾನೆ, ಬುಧವಾರ ಬರ್ತಾನೆ. ಹೌ ಡಸ್ ಅ ಟ್ಯಾಂಕ್ ಜಸ್ಟ್ ವ್ಯಾನಿಷ್?"

ಬೀಗಿತ್ತಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಲಿಪ್‌ಸ್ಟಿಕ್ ನಿಮ್ದು," ಎಂದಳು ತಾಯಮ್ಮ ಮೆಲ್ಲಗೆ.

"ಪಕ್ಕದ ರೂಮು ನಿಮ್ದು," ಎಂದಳು ಲಕ್ಷ್ಮಮ್ಮ.

ಜಾನ್ವಿ ಬಾತ್‌ರೂಮಿನ ಬಾಗಿಲು ತೆಗೆದು ನೋಡಿದಳು. "ಓ ಮೈ ಗಾಡ್," ಎಂದಳು. ಪಕ್ಕದ ರೂಮಿನಿಂದ ಮತ್ತೊಮ್ಮೆ "ಓ ಮೈ ಗಾಡ್" ಕೇಳಿಸಿತು. ಅದರಾಚೆಯ ರೂಮಿನಿಂದ ಏನೂ ಕೇಳಿಸಲಿಲ್ಲ.

ದೆಸ್ಪಿನಾ ಆಗಲೇ ತೀರ್ಮಾನ ಹೇಳಿಬಿಟ್ಟಿದ್ದಳು. ನೀರಿಲ್ಲದ ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳಲಾಗದು. ಬೆಳಿಗ್ಗೆ ಏಳರ ದೋಣಿಗೆ ಎಲ್ಲರೂ ಹೊರಡಬೇಕು, ಅಥೆನ್ಸಿನಲ್ಲಿ ಯಾವುದಾದರೂ ಹೋಟೆಲು ನೋಡಿಕೊಡುತ್ತಾಳೆ. ಜಾನ್ವಿ ಇದನ್ನು ಕನ್ನಡಕ್ಕೆ ತಂದು ಹೇಳಿದಾಗ ತಾಯಮ್ಮನಿಗೆ ಹೊಳೆದದ್ದು ಒಂದೇ. ಸೋಮವಾರ ಹೋಯಿತು. ಇರುವ ಒಂದೇ ದಿನವನ್ನು ತನ್ನ ಕೈಯಾರೆ ಮೂರು ಟಬ್ಬಿಗೆ ತುಂಬಿಸಿಟ್ಟು ಕಳೆದುಕೊಂಡಂತಾಯಿತು.

ತಾಯಮ್ಮ ಯಾರನ್ನೂ ಏನನ್ನೂ ಕೇಳಿ ಅಭ್ಯಾಸವಿಲ್ಲದವಳು. ಆ ದಿನ ಕೇಳಿದಳು. ನೆಟ್ಟಗೆ ದೆಸ್ಪಿನಾಳ ಹತ್ತಿರ ಹೋಗಿ, ಅವಳ ಒದ್ದೆ ಕೈ ಹಿಡಿದುಕೊಂಡು, "ನೀರು ಎಲ್ಲೂ ಹೋಗಿಲ್ಲ ಕಣವ್ವ. ಬಾ," ಎಂದು ರೂಮಿಗೆ ಕರೆತಂದಳು.

ದೆಸ್ಪಿನಾ ಬಾಗಿಲಲ್ಲಿ ನಿಂತಳು. ಕೆಂಪು ಪಟ್ಟೆಯ ಟಬ್ಬು, ತುಂಬಿ ತುಳುಕುವ ನೀರಿನ ಮೇಲೆ ನೇರಳೆ ಹೂ, ಮುಂದೆ ಉರಿಯುವ ದೀಪ, ಸಾಲಾಗಿ ಹನ್ನೊಂದು ಪುಟ್ಟ ಬಕೆಟ್ಟು, ಒಂದೊಂದರ ಹಣೆಗೂ ಕುಂಕುಮ. ಅವಳು ಕಮೋಡಿನ ಮುಚ್ಚಳದ ಮೇಲೆ ಧೊಪ್ಪನೆ ಕೂತಳು. ಅತ್ತಳೇನೋ ಎಂದುಕೊಂಡರೆ ನಗುತ್ತಿದ್ದಳು. ನಕ್ಕು ನಕ್ಕು ಟೀಷರ್ಟಿನಲ್ಲಿ ಕಣ್ಣೊರೆಸಿಕೊಂಡಳು. ಮೂವತ್ತು ವರ್ಷದಲ್ಲಿ ಅತಿಥಿಗಳು ಟವೆಲ್ಲು ಕದ್ದಿದ್ದಾರೆ, ಚಮಚ ಕದ್ದಿದ್ದಾರೆ, ಒಬ್ಬ ಕತ್ತೆಯ ಕೊರಳಿನ ಗಂಟೆ ಕದ್ದಿದ್ದ, ಆದರೆ ನೀರು ಕದ್ದು ಅದಕ್ಕೆ ಲಿಪ್‌ಸ್ಟಿಕ್ ಹಚ್ಚಿದವರು ಇವರೇ ಮೊದಲು ಎಂದು ಜಾನ್ವಿಯ ಹತ್ತಿರ ಹೇಳಿದಳು.

"ಜಾನು, ಹೇಳು ಅವ್ರಿಗೆ," ಎಂದಳು ತಾಯಮ್ಮ. "ಮಂಡ್ಯದಲ್ಲಿ ದಿನ ಬಿಟ್ಟು ದಿನ ಒಂದ್ ಗಂಟೆ ನಲ್ಲಿ ಬರ್ತಿತ್ತು. ಐದು ಮನೆಗೆ ಒಂದೇ ನಲ್ಲಿ, ಹಂಚ್ತಿದ್ದೋಳು ನಾನು. ಈ ನೀರಲ್ಲಿ ಆರು ಜನಕ್ಕೆ ಎರಡು ದಿನ ಸಂಸಾರ ಮಾಡಿ ತೋರಿಸ್ತೀನಿ. ನಾಳೆ ಒಂದು ದಿನ ಇರಾಕೆ ಬುಡಿ ಅಂತ ಹೇಳು. ನಾನು ನಾಳೆ ಸಮುದ್ರಕ್ಕೆ ಇಳೀಬೇಕು."

ಲಕ್ಷ್ಮಮ್ಮ ತಿರುಗಿ ನೋಡಿದಳು. "ಏನು? ಯಾರು ಇಳೀಬೇಕು?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಎಡಿಸನ್ನಿನ ಪೂಲು, ಕಿಯಾರಾ, ಗೋಡೆ, ಬಿಡದ ಬೆರಳು, ಎಲ್ಲವೂ ಅಲ್ಲೇ ಬಾತ್‌ರೂಮಿನಲ್ಲೇ ಹೊರಬಂದವು.

"ಎರಡು ವರ್ಷ!" ಎಂದಳು ಲಕ್ಷ್ಮಮ್ಮ. "ಎರಡು ವರ್ಷ ಫಿಸಿಯೋಥೆರಪಿ ಅಂತ ಹೇಳಿ ಹೋಗ್ತಿದ್ರಿ! ನಾನು ಪಾಪ ಬೀಗಿತ್ತಿಗೆ ಮಂಡಿನೋವು ಅಂತ ದಿನಾ ದೇವ್ರಿಗೆ ಒಂದು ತುಪ್ಪದ ದೀಪ ಜಾಸ್ತಿ ಹಚ್ತಿದ್ದೆ! ಆ ತುಪ್ಪ ವಾಪಸ್ ಕೊಡಿ ನಂಗೆ!"

"ನೀವು ನಗಾಡ್ತೀರಿ ಅಂತ ಅಕ್ಕಾರೆ."

"ನಗ್ತಿದ್ದೆ. ನಗದೆ ಇರ್ತೀನಾ? ನಕ್ಕು ಸುಮ್ನಾಗ್ತಿದ್ದೆ. ಅದಕ್ಕೆ ಹೇಳೋದೇ ಬೇಡ್ವಾ?" ಎಂದು ಮುಖ ತಿರುಗಿಸಿದಳು. ಮುಖ ತಿರುಗಿಸಿದವಳು ಜಾನ್ವಿಗೆ, "ಹೇಳೇ, ಹೇಳು ಆ ಯಜಮಾನಿಗೆ. ನಾವು ನಾಳೆ ಎಲ್ಲಿಗೂ ಹೋಗಲ್ಲ ಅಂತ ಹೇಳು. ಏನ್ ನೋಡ್ತಿದೀಯ?" ಎಂದಳು.

ದೆಸ್ಪಿನಾ ತಾಯಮ್ಮನನ್ನೂ ನೀರನ್ನೂ ನೋಡಿದಳು. ಆಮೇಲೆ ಭುಜ ಕುಣಿಸಿ, "ಓಕೆ. ಯು ಆರ್ ಬಾಸ್ ಆಫ್ ವಾಟರ್," ಎಂದಳು.

ಆಮೇಲೆ ತಾಯಮ್ಮನನ್ನು ನೋಡಬೇಕಿತ್ತು! ಮೊದಲು ಅಂಗಳಕ್ಕೆ ಹೋಗಿ ಹಾಲೆಂಡಿನ ಅಜ್ಜನನ್ನು ಕಲ್ಲಿನ ಮೇಲೆ ಕೂರಿಸಿ, "ಕಣ್ ಮುಚ್ಕೊ ಮಗಾ, ಮುಚ್ಕೊ, ಉರೀತದೆ," ಎನ್ನುತ್ತ ಪುಟ್ಟ ಬಕೆಟ್ಟಿನಲ್ಲಿ ಎರಡು ಸಲ ಹುಯ್ದಳು. ಎಪ್ಪತ್ತರ ಅಜ್ಜ ಮಗುವಿನ ಹಾಗೆ ತಲೆ ಬಗ್ಗಿಸಿ ಕೂತ. ಅವನ ಹೆಂಡತಿ ಫೋಟೋ ತೆಗೆದಳು. ಆಮೇಲೆ ಹಂಚಿಕೆ. ಕೆಟಲ್ಲು ಮತ್ತು ಐಸಿನ ಬಕೆಟ್ಟು ಕುಡಿಯಲು, ಕಸದ ಬುಟ್ಟಿ ಪಾತ್ರೆಗೆ, ಕಕ್ಕಸಿಗೆ ಸಮುದ್ರದ ನೀರು, ಮುಖ ಕೈಗೆ ತಲೆಗೊಂದು ಪುಟ್ಟ ಬಕೆಟ್ಟು, ಮೂರು ಟಬ್ಬು ಅಡುಗೆಗೆ ಮತ್ತು ಬೀಗ ಹಾಕುವ ಮುಂಚೆ ಹನ್ನೆರಡು ರೂಮು ತೊಳೆಯುವುದಕ್ಕೆ. ದೆಸ್ಪಿನಾ ಪಾತ್ರೆ ತೊಳೆಯಲು ಪುಟ್ಟ ಬಕೆಟ್ಟಿಗೆ ಕೈ ಹಾಕಿದಾಗ ತಾಯಮ್ಮ ಅವಳ ಕೈಗೊಂದು ಪೆಟ್ಟು ಕೊಟ್ಟಳು. ಅವಳದೇ ರಿಸಾರ್ಟು, ಅವಳದೇ ನೀರು!

"ಎಲ್ಲಾ ಸರಿ," ಎಂದಳು ಲಕ್ಷ್ಮಮ್ಮ ಮಲಗುವ ಮುಂಚೆ. "ನಾಳೆ ಎಣ್ಣೆ ಸ್ನಾನಕ್ಕೆ ನೀರು?"

"ಉಳಿಯಲ್ಲ ಅಕ್ಕಾರೆ."

"ಹಬ್ಬಕ್ಕೆ ಅಂತ ತುಂಬಿಸಿದ್ದು, ಹಬ್ಬಕ್ಕೇ ಇಲ್ವಾ?"

"ಎದುರಿಗೆ ಅಷ್ಟೊಂದು ಅದಲ್ಲ," ಎಂದಳು ತಾಯಮ್ಮ, ಕಿಟಕಿಯ ಕಡೆ ಗಲ್ಲ ಎತ್ತಿ.

ಸೋಮವಾರ ಏಳು ಗಂಟೆಗೆ ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಗಾಳಿ ಎಂಬುದು ಎಲ್ಲಿಗೋ ಎದ್ದು ಹೋಗಿತ್ತು. ಸಮುದ್ರ ಎಂದರೆ ತಟ್ಟೆಯಲ್ಲಿ ಹುಯ್ದಿಟ್ಟ ಹಾಗೆ, ಅಲುಗಾಟವಿಲ್ಲ. ದೆಸ್ಪಿನಾ ಆಲಿವ್ ಎಣ್ಣೆಯ ಐದು ಲೀಟರಿನ ಡಬ್ಬವನ್ನೇ ತಂದುಕೊಟ್ಟಳು. ಲಕ್ಷ್ಮಮ್ಮ ಹಿರಿಯಳಲ್ಲವೇ, ಮರಳಿನ ಮೇಲೆ ಒಂದು ಕುರ್ಚಿ ಹಾಕಿಸಿ, ಒಬ್ಬೊಬ್ಬರನ್ನೇ ಕೂರಿಸಿ, ಹೂವಿನಿಂದ ಮೂರು ಸಲ ಎಣ್ಣೆ ಮುಟ್ಟಿಸಿ, ಆಮೇಲೆ ಬೊಗಸೆಯಲ್ಲಿ ಹುಯ್ದು ತಟ್ಟಿದಳು. ಜಾನ್ವಿಗೆ ಆಯಿತು. ದೆಸ್ಪಿನಾ ತಾನಾಗಿ ಬಂದು ಕೂತಳು. ಹಾಲೆಂಡಿನ ಅಜ್ಜ ಸಾಲಿನಲ್ಲಿ ನಿಂತಿದ್ದ. ಅವನ ಬೋಳುತಲೆಗೆ ಲಕ್ಷ್ಮಮ್ಮ ಎಣ್ಣೆ ತಟ್ಟಿದ ಸದ್ದು ಆಚೆ ಬಂಡೆಗೆ ಬಡಿದು ವಾಪಸ್ಸು ಬಂತು. "ಇದು ಮೃದಂಗ ಕಣ್ರೀ, ತಲೆ ಅಲ್ಲ," ಎಂದಳು. ಜಾನ್ವಿ ನಗುತ್ತ ಮರಳಿನ ಮೇಲೆ ಉರುಳಿದಳು. ಎಣ್ಣೆ ಮೈಗೆಲ್ಲ ಮರಳು ಮೆತ್ತಿಕೊಂಡು ಅವಳು ಹುರಿಗಡಲೆ ಪುಡಿಯಲ್ಲಿ ಹೊರಳಿಸಿದ ಮೆಣಸಿನಕಾಯಿಯ ಹಾಗೆ ಕಂಡಳು.

ಕೊನೆಗೆ ತಾಯಮ್ಮ ಕೂತಳು, ನೀಲಿ ಉಡುಪು ತೊಟ್ಟು. ಇಪ್ಪತ್ತೇಳು ವರ್ಷದಲ್ಲಿ ಬೀಗಿತ್ತಿಯ ಕೈ ತನ್ನ ತಲೆ ಮುಟ್ಟಿದ್ದು ಅದೇ ಮೊದಲು. ಗಟ್ಟಿ ಕೈ. ತಲೆಗೆ, ಕುತ್ತಿಗೆಗೆ, ತೋಳಿಗೆ, ಅಂಗೈಗೆ ಎಲ್ಲ ಕಡೆ ಉಜ್ಜಿದಳು.

"ಸಾಕು ಅಕ್ಕಾರೆ, ಸೋರ್ತಾ ಅದೆ."

"ಸುಮ್ನೆ ಕೂತ್ಕೊಳ್ರಿ. ಪಾಯಸದ ತಳ ಹಿಡಿಸಿದ್ರಲ್ಲ, ಅದಕ್ಕೆ ಇದು," ಎಂದು ಇನ್ನೊಂದು ಬೊಗಸೆ ಹುಯ್ದಳು.

ನೀರಿಗೆ ಕಾಲಿಟ್ಟರೆ ಗಾಳಿಗಿಂತ ನೀರೇ ಬೆಚ್ಚಗಿತ್ತು. ತಾಯಮ್ಮ ಮಂಡಿಯವರೆಗೆ ಹೋದಳು, ಸೊಂಟದವರೆಗೆ ಹೋದಳು. ಜಾನ್ವಿ, ದೆಸ್ಪಿನಾ, ಹಾಲೆಂಡಿನ ಅಜ್ಜ ಮೂವರೂ ಹಿಂದೆಯೇ ಇಳಿದರು. ಅಲ್ಲಿ ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಗೋಡೆ ಇಲ್ಲದ ಕಡೆ ಹೋಗಬೇಕು ಎಂದವಳು ತಾನೇ, ಆದರೂ ಕೈಗಳು ಎರಡೂ ಪಕ್ಕಕ್ಕೆ ಚಾಚಿ ಗೋಡೆ ಹುಡುಕಿದವು.

"ಜಾನು, ಕೈ ಕೊಡು."

"ಅಜ್ಜಿ, ಕೈ ಕೊಟ್ರೆ ನೀನು ಬಿಡಲ್ಲ."

"ಬುಡ್ತೀನಿ ಕಣೆ. ಮೊದ್ಲು ಕೊಡು. ಆಮೇಲೆ ಬುಡ್ತೀನಿ."

ಜಾನ್ವಿ ಕೈ ಕೊಟ್ಟಳು. ತಾಯಮ್ಮ ಮೊಮ್ಮಗಳ ಮುಂಗೈ ಬಿಗಿಯಾಗಿ ಹಿಡಿದು, ಉಸಿರು ಎಳೆದು, ಕಿಯಾರಾ ಹೇಳಿಕೊಟ್ಟ ಹಾಗೆ ಗಲ್ಲ ಮೇಲೆತ್ತಿ, ಹಿಂದಕ್ಕೆ ಒರಗಿದಳು. ಕಾಲುಗಳು ಮೆಲ್ಲಗೆ ಮೇಲಕ್ಕೆ ಬಂದವು. ಅವಳು ಇನ್ನಷ್ಟು ಬಿಗಿಯಾಗಿ ಹಿಡಿದಳು. ಎಣ್ಣೆಯ ಕೈ, ಎಣ್ಣೆಯ ಮುಂಗೈ. ಬಿಗಿ ಹಿಡಿದಷ್ಟೂ ಜಾರಿತು. ಮುಂಗೈ ಹೋಗಿ ಅಂಗೈ ಆಯಿತು, ಅಂಗೈ ಹೋಗಿ ಬೆರಳಾಯಿತು, ಸೋಪಿನ ಬಿಲ್ಲೆ ಜಾರಿದ ಹಾಗೆ ಪುಸಕ್ಕನೆ ಬೆರಳೂ ಹೋಯಿತು.

"ಜಾನೂ!" ಎಂದಳು. ಪಕ್ಕಕ್ಕೆ ಕೈ ಹಾಕಿದಳು. ದೆಸ್ಪಿನಾಳ ತೋಳು ಸಿಕ್ಕಿತು, ಅದೂ ಜಾರಿತು. ಹಾಲೆಂಡಿನ ಅಜ್ಜ ಸಹಾಯಕ್ಕೆ ಬಗ್ಗಿದ, ಅವನ ತಲೆ ಹಿಡಿಯಲು ಹೋದಳು, ಅದಂತೂ ಕೈಗೆ ಹತ್ತುವುದು ಹೇಗೆ? ಆ ದ್ವೀಪದ ದಂಡೆಯಲ್ಲಿ ಹಿಡಿದುಕೊಳ್ಳಲು ಸಿಗುವಂಥ ಮನುಷ್ಯರೇ ಒಬ್ಬರೂ ಉಳಿದಿರಲಿಲ್ಲ. ಎಲ್ಲರನ್ನೂ ಲಕ್ಷ್ಮಮ್ಮ ನುಣ್ಣಗೆ ಮಾಡಿಟ್ಟಿದ್ದಳು.

ಆಗ ತಾಯಮ್ಮ ಸುಮ್ಮನಾದಳು. ಸುಮ್ಮನಾದಾಗ ಗೊತ್ತಾಯಿತು, ತಾನು ಮುಳುಗಿಲ್ಲ. ಉಪ್ಪುನೀರು ಬೆನ್ನಿನ ಕೆಳಗೆ ಗಟ್ಟಿಯಾಗಿತ್ತು. ಕಿವಿ ಎರಡೂ ನೀರಿನೊಳಗೆ, ಹೊರಗಿನ ಸದ್ದು ಒಂದೂ ಇಲ್ಲ. ಎಲ್ಲರ ಮಾತಿಗೂ ಕಿವಿಗೊಟ್ಟು ಅರವತ್ತೊಂಬತ್ತು ವರ್ಷ ಬದುಕಿದವಳಿಗೆ ತನ್ನ ಉಸಿರು ಮಾತ್ರ ಕೇಳಿಸಿತು. ಮೇಲೆ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಕೈ ಅಗಲಿಸಿದಳು, ಏನೂ ತಗುಲಲಿಲ್ಲ. ಕಾಲಿನ ಕೆಳಗೆ ಏನೂ ಇರಲಿಲ್ಲ. ಹೊಟ್ಟೆಯೊಳಗಿಂದ ಒಂದು ನಗು ಹೊರಟು ಮೈಯೆಲ್ಲ ಕುಲುಕಿತು, ಕುಲುಕಿದರೂ ನೀರು ಅವಳನ್ನು ಬಿಡಲಿಲ್ಲ.

ದಂಡೆಯಲ್ಲಿ ಲಕ್ಷ್ಮಮ್ಮ ಸೀರೆಯನ್ನು ಮಂಡಿಗೆ ಎತ್ತಿಕೊಂಡು, ಎಣ್ಣೆಯ ಡಬ್ಬ ಕಂಕುಳಲ್ಲಿ ಇರುಕಿಕೊಂಡು, ತೇಲುತ್ತಿರುವ ಬೀಗಿತ್ತಿಯ ಪಕ್ಕಕ್ಕೆ ಪಕ್ಕಕ್ಕೆ ಓಡುತ್ತಿದ್ದಳು. ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅದನ್ನು ನೋಡಿ ತಾಯಮ್ಮನಿಗೆ ಇನ್ನೂ ನಗು ಬಂತು. ನಗುವಾಗ ಬಾಯಿಗೆ ನೀರು ಹೋಗಿ, ಕೆಮ್ಮು ಬಂದು, ಅವಳು ಎದ್ದು ನಿಂತಳು. ನೀರು ಅವಳ ಸೊಂಟಕ್ಕೂ ಬರಲಿಲ್ಲ. ತೇಲುತ್ತ ತೇಲುತ್ತ ಅವಳು ದಂಡೆಯ ಕಡೆಗೇ ಬಂದುಬಿಟ್ಟಿದ್ದಳು.

ಜಾನ್ವಿ ಕಿರುಚಿದಳು, ಅಜ್ಜ ಚಪ್ಪಾಳೆ ತಟ್ಟಿದ, ದೆಸ್ಪಿನಾ ತಾಯಮ್ಮನನ್ನು ತಬ್ಬಿಕೊಳ್ಳಲು ಹೋಗಿ ಜಾರಿ ನೀರಿಗೆ ಬಿದ್ದಳು.

"ತಾಯಮ್ನೋರೆ!" ಎಂದಳು ಲಕ್ಷ್ಮಮ್ಮ ಏದುಸಿರು ಬಿಡುತ್ತ. "ಜೀವ ಬಾಯಿಗೆ ಬಂದಿತ್ತು ನಂಗೆ! ಮಂಡಿಯುದ್ದ ನೀರಲ್ಲಾ ನೀವು ತೇಲಿದ್ದು? ಇದಕ್ಕಾ ಎರಡು ವರ್ಷ ಎಡಿಸನ್ನಿಗೆ ಹೋಗಿದ್ದು?"

"ನೀರು ಎಷ್ಟಾದ್ರೂ ಇರ್ಲಿ ಅಕ್ಕಾರೆ," ಎಂದಳು ತಾಯಮ್ಮ. ಮುಖದ ತುಂಬ ಉಪ್ಪು, ಎಣ್ಣೆ, ನಗು. "ನಾನು ಯಾರ್ನೂ ಹಿಡ್ಕೊಂಡಿರ್ಲಿಲ್ಲ."

"ಸರಿ, ಆಯ್ತಲ್ಲ. ಬನ್ನಿ, ಕಾಫಿ ಕುಡಿಯೋಣ. ನನ್ನದು ಆಗ್ಬೇಕಲ್ಲ ಮೊದಲು."

"ನೀವು ಕುಡೀರಿ ಅಕ್ಕಾರೆ," ಎಂದು ತಾಯಮ್ಮ ತಿರುಗಿ ಆಳದ ಕಡೆ ನಡೆದಳು. ಸೊಂಟ ಮುಳುಗಿತು, ಎದೆ ಮುಳುಗಿತು. ಅಲ್ಲಿ ನಿಂತು ಒಮ್ಮೆ ಉಸಿರೆಳೆದುಕೊಂಡು, ಯಾರನ್ನೂ ಕರೆಯದೆ, ಮತ್ತೆ ಅಂಗಾತ ಮಲಗಿದಳು.